ಪಂಪ್ ಕೂತಿತು: ದೇವಿಮನೆ ಘಟ್ಟಕ್ಕೆ ನನ್ನ ಆರ್‌ಎಕ್ಸ್ 100 ಮತ್ತೆ ರೆಡಿ

ಮೊನ್ನೆ ಭಾನುವಾರ ಕುಮಟಾದಿಂದ ಹೊರಟು ದೇವಿಮನೆ ಘಟ್ಟ ಹತ್ತಿ, ಶಿರಸಿ ಹತ್ತಿರದ ಸೋದರಮಾವನ ಮನೆ ತನಕ ಹೋಗಿ, ಅದೇ ದಾರಿಯಲ್ಲಿ ಇಳಿದು ಬಂದೆ. ಗಾಡಿ ಎಲ್ಲೂ ನಿಲ್ಲಲಿಲ್ಲ. ಹದಿನಾಲ್ಕು ವರ್ಷ ನಿಂತಿದ್ದ ಗಾಡಿಯನ್ನು ಆಯಿಲ್ ಪಂಪ್ ಸಮೇತ ಮತ್ತೆ ಕಟ್ಟುವ ನಾಲ್ಕು ತಿಂಗಳ ಕೆಲಸ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಗೀಚಿಟ್ಟದ್ದನ್ನೆಲ್ಲ ತಾರೀಖಿನ ಪ್ರಕಾರ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಕಡೆ ಜಾಸ್ತಿ ಬರೆದಿದ್ದೇನೆ. ಹಳೇ ಟೂ ಸ್ಟ್ರೋಕ್ ಬಿಚ್ಚಲು ಕೂತವರಿಗೆ ಬೇಕಾಗುವುದು ಅದೇ ಅಲ್ವಾ.

ಗಾಡಿ ಯಮಹಾ ಆರ್‌ಎಕ್ಸ್ 100, 1992ರ ಮಾಡೆಲ್, ಕೆಎ 30 ರಿಜಿಸ್ಟ್ರೇಶನ್. 98 ಸಿಸಿ, ನಾಲ್ಕು ಗಿಯರ್. 1998ರಲ್ಲಿ 18,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ನನ್ನ ಮೊದಲ ಗಾಡಿ. ಆಮೇಲೆ ಸ್ಪ್ಲೆಂಡರ್ ಬಂತು, ಪಲ್ಸರ್ ಬಂತು. ಅವುಗಳ ನಂಬರ್ ಈಗ ಕೇಳಿದರೆ ತಡವರಿಸುತ್ತೇನೆ. ಇದರದ್ದು ಚಾಸಿ ನಂಬರ್ ಕೂಡ ಬಾಯಿಪಾಠ.

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಜೊತೆಗೇ ಆಯಿಲ್ಲೂ ಹೋಗಬೇಕು, ಅದನ್ನು ಕೊಡುವುದು ಆಯಿಲ್ ಪಂಪ್. ತಗೊಂಡ ವರ್ಷವೇ ಒಬ್ಬ ಮೆಕ್ಯಾನಿಕ್ ಇದರ ಆ ಪಂಪ್ ತೆಗೆದು, ಆ ಜಾಗಕ್ಕೆ ಒಂದು ತಗಡು ಬಡಿದು ಮುಚ್ಚಿದ್ದ. "ಪಂಪ್ ಯಾವಾಗ ಕೈ ಕೊಡ್ತದೆ ಹೇಳಿಕ್ಕೆ ಬರೂದಿಲ್ಲ, ಪೆಟ್ರೋಲಿಗೇ ಆಯಿಲ್ ಹಾಕಿ ಓಡಿಸು" ಅಂದಿದ್ದ. ಆಗ ಎಲ್ಲರೂ ಮಾಡುತ್ತಿದ್ದದ್ದು ಅದೇ. ಬಂಕಿನಲ್ಲಿ ಕೈಯಿಂದ ಒತ್ತುವ 2ಟಿ (ಟೂ ಸ್ಟ್ರೋಕ್) ಆಯಿಲ್ ಡಬ್ಬ ಇರುತ್ತಿತ್ತು. ಆಟೋದವರ ಹಿಂದೆ ನಿಂತು ಲೀಟರಿಗೆ 25 ಮಿ.ಲೀ. ಲೆಕ್ಕದಲ್ಲಿ ಹಾಕಿಸಿಕೊಳ್ಳುತ್ತಿದ್ದೆ. ಹತ್ತು ವರ್ಷ ಹಾಗೇ ಓಡಿತು. ಒಂದೇ ಒಂದು ಸಲ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು 0.25 ಬೋರ್ (ಸಿಲಿಂಡರ್ ಕೊರೆದು 0.25 ಮಿ.ಮೀ. ದೊಡ್ಡ ಪಿಸ್ಟನ್) ಮಾಡಿಸಬೇಕಾಯಿತು. ಅದು ಆದದ್ದು ದೇವಿಮನೆ ಇಳಿದು, ಕತಗಾಲದ ಹತ್ತಿರ.

ಅದಕ್ಕೆ ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಶಿರಸಿ ಇರುವುದು ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲೆ. ಇಳಿಯುವಾಗ ಎಕ್ಸಲೇಟರ್ ಮುಚ್ಚಿ, ಎಂಜಿನ್ ಹಿಡಿತದಲ್ಲೇ ಇಳಿಯುತ್ತೇವೆ. ಪೆಟ್ರೋಲ್ ಹೋಗುವುದೇ ಕಡಿಮೆ, ಅದರಲ್ಲೇ ಬೆರೆತ ಆಯಿಲ್ಲೂ ಕಡಿಮೆ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಪಂಪ್ ಇದ್ದರೆ ಎಕ್ಸಲೇಟರ್ ಮುಚ್ಚಿದ್ದಾಗಲೂ ಎಂಜಿನ್ ತಿರುಗಿದಷ್ಟು ಸಲ ಒಂದಿಷ್ಟು ಆಯಿಲ್ ಒಳಗೆ ಹೋಗುತ್ತದೆ. ದೇವಿಮನೆ, ಅರಬೈಲ್ ಅಂತ ದಿನಾ ಘಟ್ಟ ಇಳಿಯುವ ನಮ್ಮ ಜಿಲ್ಲೆಯಲ್ಲಿ ಆ ಪಂಪ್ ತೆಗೆಸಿದ್ದು ದೊಡ್ಡ ತಪ್ಪು. ಈ ಸಲ ಗಾಡಿ ಕಟ್ಟುವುದಾದರೆ ಕಂಪನಿಯಿಂದ ಬಂದಾಗ ಇದ್ದ ಹಾಗೆ ಪಂಪ್ ಹಾಕಿಯೇ ಕಟ್ಟಬೇಕು ಅಂತ ಗಟ್ಟಿ ಮಾಡಿಕೊಂಡೆ.

ನವೆಂಬರ್ 13, 2022

2008ರಿಂದ ಗಾಡಿ ಮಾವನ ಮನೆಯಲ್ಲೇ ಇತ್ತು. ಅಡಿಕೆ ಒಣಗಿಸುವ ಅಟ್ಟದ ಕೆಳಗೆ, ದರಕಿನ (ಒಣ ಎಲೆಯ) ರಾಶಿಯ ಪಕ್ಕ. ಮೇಲೆ ಒಂದು ತಾಡಪಾಲು. ತಾಡಪಾಲು ಹೊದಿಸಿದ್ದೇ ಕೆಡುಕಾಯಿತು. ಮಳೆಗಾಲದ ಪಸೆ ಒಳಗೇ ಉಳಿದು ಸೀಟಿನ ಕೆಳಗಿನ ತಗಡು ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ನಿಲ್ಲಿಸುವುದಾದರೆ ಗಾಳಿ ಆಡುವಲ್ಲಿ ನಿಲ್ಲಿಸಿ, ಪೂರ್ತಿ ಸುತ್ತಿ ಇಡಬೇಡಿ. ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಅಡಿಕೆ ಸಿಪ್ಪೆ ತುಂಬಿಟ್ಟಿತ್ತು. ಕಿಕ್ ಮೇಲೆ ನಿಂತರೂ ಅಲ್ಲಾಡಲಿಲ್ಲ.

ಈ 14 ವರ್ಷದಲ್ಲಿ ಕೇಳಿಕೊಂಡು ಬಂದವರು ನಾಲ್ಕೈದು ಜನ ಇದ್ದರಂತೆ. "ಗಾಡಿ ನಿಂದು, ನಾ ಎಂತಕ್ಕೆ ಮಾರಲಿ?" ಅಂದರು ಮಾವ. ಅವರು ತಮ್ಮ ಯೆಜ್ಡಿ ರೋಡ್‌ಕಿಂಗ್ ಮಾರಿದ್ದು 1999ರಲ್ಲಿ, ತೋಟಕ್ಕೆ ಪಂಪ್‌ಸೆಟ್ ಹಾಕಿಸಲು. ಅದರ ಮಾತು ಬಂದರೆ ಈಗಲೂ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ ಕೂರುತ್ತಾರೆ. ಕಿಕ್ ಹೊಡೆದ ಕೋಲನ್ನೇ ಒಳಗೆ ಒತ್ತಿ ಮುಂದೆ ತಿರುಗಿಸಿದರೆ ಅದೇ ಗಿಯರ್ ಆಗುತ್ತಿತ್ತು ಅನ್ನುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತಾರೆ. ಮೈಸೂರಿನ ಆ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನನ್ನ ಆರ್‌ಎಕ್ಸ್ 100 ಮಾಡುವುದನ್ನು ನಿಲ್ಲಿಸಿದ್ದೂ ಅದೇ ವರ್ಷ.

ಪಿಕಪ್‌ಗೆ ಗಾಡಿ ಏರಿಸುವಾಗ ಮಾವ ಒಂದು ಮಾತು ಹೇಳಿದರು. "ಘಟ್ಟ ಇಳಿವಾಗ ಸುಮ್ನೆ ಇಳಿಬೇಡ. ಎರಡು ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ರೇಸ್ ಕೊಡು. ಯೆಜ್ಡಿಗೆ ನಾ ಹಾಂಗೇ ಮಾಡ್ತಿದ್ದೆ." ಪಂಪ್ ಹಾಕುವವನಿಗೆ ಅದರ ಅವಶ್ಯಕತೆ ಇಲ್ಲ ಅಂದುಕೊಂಡೆ. ಆ ಮಾತು ಮುಂದೆ ಮತ್ತೆ ಬರುತ್ತದೆ.

ಪಿಕಪ್ ಬಾಡಿಗೆ 2,500.

ನವೆಂಬರ್ 14ರಿಂದ 27

ಕೆಲಸಕ್ಕೆ ಸಿಕ್ಕಿದ್ದು ಸಂಜೆ ಹೊತ್ತು ಮತ್ತು ಭಾನುವಾರ. ಜಾಗ ಮನೆಯ ಹಿಂದಿನ ಚಪ್ಪರ. ಪಾನಾ ಸೆಟ್, ಟಿ ಪಾನಾ, ಮ್ಯಾಗ್ನೆಟ್ ಪುಲ್ಲರ್, ಫೀಲರ್ ಗೇಜ್, ಮರದ ಸುತ್ತಿಗೆ ಇತ್ತು. ಬಿಗಿದ ಸ್ಕ್ರೂ ಸಡಿಲಿಸುವ ಇಂಪ್ಯಾಕ್ಟ್ ಡ್ರೈವರ್ ಇರಲಿಲ್ಲ. ಅದಿಲ್ಲದೆ ಶುರು ಮಾಡಿದ್ದೇ ಮೊದಲ ತಪ್ಪು. ಕ್ಲಚ್ ಕವರಿನ ಮೂರು ಸ್ಕ್ರೂಗಳ ತಲೆ ಬೋಳಾಗಿ, ಡ್ರಿಲ್ ಹೊಡೆದು ತೆಗೆಯಬೇಕಾಯಿತು. ಮರುದಿನವೇ ಪಕ್ಕದ ಗ್ಯಾರೇಜಿನಿಂದ ಎರವಲು ತಂದೆ.

ಹೆಡ್ ಬಿಚ್ಚಿದಾಗ ಪಿಸ್ಟನ್ ಮಧ್ಯದಲ್ಲಿ ತುಕ್ಕು ಹಿಡಿದು ನಿಂತಿತ್ತು. ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಸೇರಿಸಿ ಮೇಲಿನಿಂದ ತುಂಬಿಸಿ ಬಿಟ್ಟೆ. ಎರಡು ದಿನ ಕಾದೆ, ಮೂರನೇ ದಿನ ಸಹನೆ ಕೆಟ್ಟಿತು. ಸಿಲಿಂಡರಿನ ಹೊರಗೆ ಬಿಸಿ ಆರಿಸಲು ಇರುವ ಕೆಳಗಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ಎತ್ತಲು ಹೋದೆ. ಟಕ್ ಅಂತ ಒಂದು ರೆಕ್ಕೆಯ ತುದಿ ಮುರಿದು ಕೈಗೆ ಬಂತು, ಹೆಬ್ಬೆರಳಿನ ಉಗುರಿನಷ್ಟು. ಓಡುವುದಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಗಾಡಿ ನೋಡಿದಾಗೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮತ್ತೆ ನಾಲ್ಕು ದಿನ ನೆನೆಯಲು ಬಿಟ್ಟೆ. ಆಮೇಲೆ ಪಿಸ್ಟನ್ ತಲೆಯ ಮೇಲೆ ಹಲಸಿನ ಮರದ ತುಂಡಿಟ್ಟು ಮೆಲ್ಲ ಬಡಿದರೆ ತಾನಾಗಿ ಇಳಿಯಿತು. ಒಟ್ಟು ಆರು ದಿನ ನೆನೆಯಬೇಕಿತ್ತು, ಅಷ್ಟೇ.

ಕ್ರ್ಯಾಂಕ್ ಬೇರಿಂಗ್ ಎರಡೂ ತಿರುಗಿಸಿದರೆ ಮರಳು ಅರೆದ ಸದ್ದು. ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಡುತ್ತಿತ್ತು. ಖುಷಿಯ ವಿಷಯ ಒಂದಿತ್ತು. ಪಂಪ್ ತಿರುಗಿಸುವ ಪುಟ್ಟ ಗಿಯರನ್ನು 1998ರಲ್ಲಿ ಯಾರೂ ತೆಗೆದಿರಲಿಲ್ಲ. ತಗಡಿನ ಹಿಂದೆ ಹಲ್ಲೆಲ್ಲ ಸರಿಯಾಗೇ ಕೂತಿತ್ತು.

ಡಿಸೆಂಬರ್

ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದೆ. ಕ್ರ್ಯಾಂಕಿಗೆ ಹೊಸ ರಾಡ್ ಕಿಟ್, ಎರಡು ಬೇರಿಂಗ್, ಪ್ರೆಸ್ ಮಾಡಿ ನೇರ ಕೂರಿಸಿದ ಕೂಲಿ ಎಲ್ಲ ಸೇರಿ 4,200. 0.50 ಪಿಸ್ಟನ್ ಕಿಟ್ ಮತ್ತು ಬೋರ್ 2,300. ಲೇತಿನವರಿಗೆ ಮೊದಲೇ ಪಿಸ್ಟನ್ ಕೊಟ್ಟು, ಅದನ್ನೇ ಅಳೆದು ಬೋರ್ ಮಾಡಿ ಅಂತ ಹೇಳಿದೆ. ಡಬ್ಬದ ಮೇಲೆ ಬರೆದ ಅಳತೆ ನಂಬಿ ಬೋರ್ ಮಾಡಿಸಬಾರದು. ಆಯಿಲ್ ಪಂಪ್ ಸಿಕ್ಕಿದ್ದು ಗುಜರಿಯಲ್ಲಿ, 3,000 ರೂಪಾಯಿಗೆ. ಹ್ಯಾಂಡಲ್ಲಿನಿಂದ ಹೊರಟು ಕಾರ್ಬೊರೇಟರಿಗೊಂದು, ಪಂಪಿಗೊಂದು ಕವಲೊಡೆಯುವ ಎಕ್ಸಲೇಟರ್ ಕೇಬಲ್ 450. ಹಳೇ ಅಂಗಡಿಯಲ್ಲೂ ಆ ಕೇಬಲ್ ಬೇಕು ಅಂದರೆ "ಪಂಪ್ ಹಾಕ್ತೀರಾ?" ಅಂತ ಎರಡು ಸಲ ಕೇಳುತ್ತಾರೆ.

ಗ್ಯಾಸ್ಕೆಟ್ ಮತ್ತು ಆಯಿಲ್ ಸೀಲ್ ಸೇರಿ 900. ಇಲ್ಲೇ ಎಡವಿದೆ. ಅಂಗಡಿಯವರು ಒರಿಜಿನಲ್ ಸೀಲ್ ತರಿಸಲು ಒಂದು ವಾರ ಬೇಕು ಅಂದರು. ನಾನು ಕಾಯದೆ, ಕೈಗೆ ಸಿಕ್ಕ ಲೋಕಲ್ ಸೀಲ್ ತಗೊಂಡು ಬಸ್ ಹತ್ತಿದೆ.

ಟ್ಯಾಂಕಿನ ಒಳಗೆ ತುಕ್ಕಿನ ಪುಡಿ ಎರಡು ಮುಷ್ಟಿ ಬಂತು. ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ನಿಂಬೆ ಉಪ್ಪು ಕರಗಿಸಿ ತುಂಬಿ, ಒಂದಿಷ್ಟು ಹಳೇ ನಟ್ಟು ಹಾಕಿ ಕುಲುಕಿ, ಒಂದೂವರೆ ದಿನ ಇಟ್ಟೆ. ಒಳಗೆ ಬೆಳ್ಳಿಯ ಹಾಗೆ ಹೊಳೆಯಿತು. ಖುಷಿಯಲ್ಲಿ ನೀರು ಚೆಲ್ಲಿ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ಒಳಗೆಲ್ಲ ಕೇಸರಿ ಬಣ್ಣ! ತೊಳೆದ ತಗಡಿಗೆ ನಮ್ಮ ಕರಾವಳಿ ಗಾಳಿಯಲ್ಲಿ ತುಕ್ಕು ಹಿಡಿಯಲು ಅರ್ಧ ದಿನ ಸಾಕು. ಎರಡನೇ ಸಲ ಅಷ್ಟೇ ಮಾಡಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಒಂದು ಕಪ್ 2ಟಿ ಆಯಿಲ್ ಸುರಿದು ಎಲ್ಲ ಮೂಲೆಗೂ ಹರಿಯುವ ಹಾಗೆ ತಿರುಗಿಸಿದೆ. ಅದು ನಿಂತಿದೆ. ಬೋಲ್ಟುಗಳನ್ನು ಅತ್ತೆ ಹೇಳಿದ ಹಾಗೆ ಹುಳಿಯಾದ ಉಪ್ಪಾಗೆ ಹಣ್ಣಿನ ಸಿಪ್ಪೆ ಕುದಿಸಿದ ನೀರಲ್ಲಿ ಎರಡು ದಿನ ಹಾಕಿಟ್ಟಿದ್ದೆ. ಅವೂ ಚೆನ್ನಾಗೇ ಬಂದವು.

ಈ ತಿಂಗಳು ಕೆಲಸ ಮುಂದೆ ಹೋದದ್ದಕ್ಕಿಂತ ಮಾತು ಜಾಸ್ತಿ ಆಯಿತು. ಚಪ್ಪರದಲ್ಲಿ ಬಲ್ಬ್ ಹೊತ್ತಿದ್ದು ಕಂಡರೆ ಯಾರಾದರೂ ಬಂದು ಕೂರುತ್ತಿದ್ದರು. ಬಂದವರು ಮೊದಲು ನನ್ನ ಗಾಡಿ ನೋಡುತ್ತಾರೆ, ಎರಡು ನಿಮಿಷಕ್ಕೆ ಮಾತು ಅವರ ಗಾಡಿಗೆ ಹೊರಳುತ್ತದೆ. ಬಸ್ ಡ್ರೈವರಾಗಿ ರಿಟೈರ್ ಆದ ಪಕ್ಕದ ಮನೆ ಅಣ್ಣನದ್ದು ರಾಜದೂತ್. ಮದುವೆಯಾಗಿ ಹೆಂಡತಿಯನ್ನು ಅಂಕೋಲಾದಿಂದ ಅದರಲ್ಲೇ ಕರಕೊಂಡು ಬಂದದ್ದಂತೆ. ಆ ದಿನ ಪೆಟ್ರೋಲ್ ಎಷ್ಟು ಹಾಕಿಸಿದ್ದರು ಅನ್ನುವುದೂ ಅವರಿಗೆ ನೆನಪಿದೆ. ಇನ್ನೊಬ್ಬರದ್ದು ಸಿಡಿ 100, ಹೀರೋ ಹೋಂಡಾದ್ದು. ಲೀಟರಿಗೆ 80 ಕೊಡುತ್ತಿತ್ತು ಅಂತ ಹೇಳುವಾಗ ಅವರ ದನಿಯೇ ಬೇರೆ.

ಎಲ್ಲರಿಗಿಂತ ಕೆಲಸಕ್ಕೆ ಬಂದ ಮಾತು ಮೀನು ಮಾರುವ ಅಣ್ಣನದ್ದು. ಹದಿನೆಂಟು ವರ್ಷ ಒಂದೇ ಬಜಾಜ್ ಎಂ80 ಗಾಡಿಯಲ್ಲಿ, ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ ಬಂಗಡೆ, ತಾರ್ಲೆ ಮಾರಿದವರು. ಮೀನಿನ ಉಪ್ಪುನೀರು ದಿನಾ ಚಾಸಿಯ ಮೇಲೇ ಸೋರುತ್ತಿತ್ತು. ಆದರೂ ಗಾಡಿ ಮುರಿಯಲಿಲ್ಲ. ಅವರ ಮದ್ದು ಇಷ್ಟೇ: ಮಳೆಗಾಲಕ್ಕೆ ಮೊದಲು ಒಮ್ಮೆ, ಚೌತಿ ಮುಗಿದ ಮೇಲೆ ಒಮ್ಮೆ, ಮಡ್‌ಗಾರ್ಡ್ ಒಳಬದಿಗೆ ಮತ್ತು ಚಾಸಿಯ ಕೆಳಗೆ ಕರಿ ಆಯಿಲ್ (ಎಂಜಿನ್ನಿನಿಂದ ಬಸಿದ ಹಳೇ ಆಯಿಲ್) ಬ್ರಷ್ಷಿನಲ್ಲಿ ಬಳಿಯುವುದು. ಬ್ರೇಕ್ ಡ್ರಮ್ಮಿಗೆ ಮಾತ್ರ ತಾಗಬಾರದು. ನಾನೂ ಬಳಿದಿದ್ದೇನೆ. ಖರ್ಚು ಸೊನ್ನೆ.

ಜನವರಿ 8ರಿಂದ 29

ಟ್ಯಾಂಕ್ ಮತ್ತು ಪ್ಯಾನೆಲ್ ಪೇಂಟ್ 4,500. ಕಪ್ಪು ಬಣ್ಣ, ಮೊದಲಿದ್ದದ್ದೇ. ಟಯರ್ ಮುಂದೆ 2.50-18, ಹಿಂದೆ 2.75-18, ಟ್ಯೂಬ್ ಸೇರಿ 3,900. ಮುಂದಿನ ಫೋರ್ಕಿನ ಕೊಳವೆಗಳಲ್ಲಿ ಗುಳಿ ಬಿದ್ದಿತ್ತು, ಬದಲಾಯಿಸಲು 2,400. ಚೈನ್ ಸ್ಪ್ರಾಕೆಟ್ 1,350. ಬ್ರೇಕ್ ಶೂ, ಉಳಿದ ಕೇಬಲ್, ಬುಶ್ 1,650. ಕಾರ್ಬೊರೇಟರ್ ಕಿಟ್ 550. 12 ವೋಲ್ಟ್ ಬ್ಯಾಟರಿ 900. ವೈರಿಂಗ್ ಮತ್ತು ಬಲ್ಬ್ 1,200. ಇದರಲ್ಲಿ ಹೇಳುವಂಥದ್ದು ಏನೂ ಇಲ್ಲ, ಬಿಚ್ಚಿದ್ದು ಕೂರಿಸಿದ್ದು ಅಷ್ಟೇ.

ಜನವರಿ 15ಕ್ಕೆ ಎಂಜಿನ್ ಕೂರಿಸಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಕಿಕ್ ಹೊಡೆದೆ. ಹನ್ನೊಂದನೇ ಕಿಕ್ಕಿಗೆ ಹತ್ತಿತು. ಆ ಸದ್ದು ಕೇಳಿ ಒಳಗಿಂದ ಹೆಂಡತಿ, ಮಗಳು ಇಬ್ಬರೂ ಓಡಿ ಬಂದರು. ಆದರೆ ಹೊಗೆ ಬೆಳ್ಳಗೆ, ದಪ್ಪ. ಮೊದಲ ದಿನ ಹಳೇ ಆಯಿಲ್ ಸುಡುತ್ತಿದೆ ಅಂತ ಬಿಟ್ಟೆ. ಒಂದು ವಾರ ಮನೆ ಸುತ್ತ ಓಡಿಸಿದ ಮೇಲೂ ಕಡಿಮೆ ಆಗಲಿಲ್ಲ. ಗಿಯರ್ ಬಾಕ್ಸಿನ ಆಯಿಲ್ ಬಸಿದು ಅಳೆದೆ. 650 ಮಿ.ಲೀ. ಹಾಕಿದ್ದು 510 ಆಗಿತ್ತು. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಗಿಯರ್ ಆಯಿಲ್ ಒಳಗೆ ಎಳೆದುಕೊಳ್ಳುತ್ತಿದೆ ಅಂತಾಯಿತು. ಅದೇ ಲೋಕಲ್ ಸೀಲ್. ಬಿಚ್ಚಿ ನೋಡಿದರೆ ಅದರ ತುಟಿ ಆಗಲೇ ಗಟ್ಟಿಯಾಗಿತ್ತು. ಒರಿಜಿನಲ್ ಎರಡೂ ಸೀಲ್ ತರಿಸಿದೆ, 640 ರೂಪಾಯಿ. ಎಂಜಿನ್ ಮತ್ತೆ ಇಳಿಸಿ, ಮತ್ತೆ ಕೇಸ್ ಬಿಚ್ಚಿ, ಮತ್ತೆ ಜೋಡಿಸಲು ಎರಡು ಭಾನುವಾರ ಹೋಯಿತು. ಡಿಸೆಂಬರಿನಲ್ಲಿ ಒಂದು ವಾರ ಕಾದಿದ್ದರೆ ಇದು ಬೇಕಿರಲಿಲ್ಲ.

29ಕ್ಕೆ ಹೊಗೆ ನಿಂತಿತು. ಅದೇ ದಿನ ಪಂಪ್ ಜೋಡಿಸಿದೆ.

ಫೆಬ್ರವರಿ 5

ಪಂಪಿನ ಗಾಳಿ ತೆಗೆಯುವ ಸ್ಕ್ರೂ ಬಿಚ್ಚಿ, ಆಯಿಲ್ ಟ್ಯಾಂಕಿನಿಂದ ಆಯಿಲ್ ತಾನೇ ಇಳಿದು ಗುಳ್ಳೆ ಇಲ್ಲದೆ ಬರುವ ತನಕ ಕಾದೆ. ಆಮೇಲೆ ಸ್ಕ್ರೂ ಬಿಗಿ ಮಾಡಿ, ಪೆಟ್ರೋಲ್ ಟ್ಯಾಂಕಿನಲ್ಲಿ ಬೆರೆಸಿದ ಪೆಟ್ರೋಲೇ ಇಟ್ಟುಕೊಂಡು ಎಂಜಿನ್ ನಿಧಾನಕ್ಕೆ ಓಡಲು ಬಿಟ್ಟು, ಪಂಪಿನ ಕೇಬಲ್ಲನ್ನು ಕೈಯಲ್ಲಿ ಪೂರ್ತಿ ಎಳೆದು ಹಿಡಿದೆ. ಪಂಪಿನಿಂದ ಕಾರ್ಬೊರೇಟರ್ ಕಡೆ ಹೋಗುವ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಒಂದೊಂದಾಗಿ ಮುಂದೆ ಸರಿದವು. ಕೊನೆಯದೊಂದು ಗೋಧಿ ಕಾಳಿನಷ್ಟು ಗಾತ್ರದ್ದು, ಪೈಪ್ ಬಾಗುವ ಜಾಗದಲ್ಲಿ ನಿಂತೇಬಿಟ್ಟಿತು. ಹಿಂದೆಯೂ ಹೋಗದು, ಮುಂದೆಯೂ ಹೋಗದು. ಕತ್ತಲಾಗಿತ್ತು. ಓಡಿಸುವಾಗ ತಾನೇ ಹೋಗುತ್ತದೆ ಅಂದುಕೊಂಡು ಕವರ್ ಮುಚ್ಚಿದೆ.

ಇನ್ನೆರಡು ಕೆಲಸ ಬಿಟ್ಟಿದ್ದೆ. ಎಕ್ಸಲೇಟರಿನ ಸಡಿಲ ಎಳೆದಾಗ, ಕೇಬಲ್ ತಿರುಗಿಸುವ ಪಂಪಿನ ಪುಲ್ಲಿಯ ಮೇಲಿನ ಗುರುತು ಪಿನ್ನಿಗೆ ಸರಿಯಾಗಿ ಬಂದು ಕೂಡಬೇಕು. ನನ್ನದು ಒಂದು ನೂಲಿನಷ್ಟು ಹಿಂದೆ ಇತ್ತು, ಅಷ್ಟು ಸಾಕು ಅಂತ ಬಿಟ್ಟೆ. ಪಂಪಿನ ಕನಿಷ್ಠ ಸ್ಟ್ರೋಕ್, ಅಂದರೆ ಎಕ್ಸಲೇಟರ್ ಮುಚ್ಚಿದಾಗ ಅದು ಆಯಿಲ್ ತಳ್ಳಲು ಆಡುವ ದೂರ, ಅಳೆಯಲೇ ಇಲ್ಲ. ಗುಜರಿಯಿಂದ ತಂದ ಪಂಪು, ಒಳಗಿನ ಶಿಮ್ (ತೆಳು ವಾಷರ್) ಎಷ್ಟು ಸವೆದಿದೆ, ಯಾರು ಬಿಚ್ಚಿದ್ದಾರೆ ಗೊತ್ತಿಲ್ಲದ್ದು. ಅದನ್ನು ಅಳೆಯದೆ ಹಾಕಿದೆ.

ಮೊದಲ ಒಂದು ವಾರ ಬೆರೆಸಿದ ಪೆಟ್ರೋಲಿನಲ್ಲೇ 110 ಕಿ.ಮೀ. ಓಡಿಸಿದೆ. ಎಲ್ಲ ಸರಿ ಇತ್ತು. ಸರಿ ಇರುವುದೇ ಮತ್ತೆ. ಪಂಪ್ ಏನೂ ಕೊಡದಿದ್ದರೂ ಪೆಟ್ರೋಲಿನಲ್ಲಿ ಆಯಿಲ್ ಇತ್ತಲ್ಲ!

ಫೆಬ್ರವರಿ 12

ಬರೀ ಪೆಟ್ರೋಲ್ ಹಾಕಿ ಬೆಳಿಗ್ಗೆ ಏಳಕ್ಕೆ ಹೊರಟೆ. ಕತಗಾಲ ದಾಟಿ ಘಟ್ಟ ಹತ್ತುವಾಗ ಎರಡನೇ ಗಿಯರಿನಲ್ಲಿ ಅದು ಎಳೆದ ರೀತಿ, ಆ ಸದ್ದು ಕಾಡಿಗೆ ಬಡಿದು ವಾಪಸ್ ಬರುವುದು, ಎಲ್ಲ ಇಪ್ಪತ್ತು ವರ್ಷದ ಹಿಂದಿನದ್ದೇ. ರಸ್ತೆ ಅಗಲ ಮಾಡುವ ಕೆಲಸದ ಕೆಂಪು ಧೂಳು ಮಾತ್ರ ಹೊಸದು. ಮೇಲೆ ದೇವಿಮನೆ ದೇವಸ್ಥಾನದ ಎದುರು ನಿಲ್ಲಿಸಿ ಕೈ ಮುಗಿದು, ಕಾಲು ಗಂಟೆ ಎಂಜಿನ್ ಆರಲು ಬಿಟ್ಟೆ. ಆ ದಿನ ಮಾವನ ಮನೆಗೆ ಹೋಗದೆ ಅಲ್ಲಿಂದಲೇ ತಿರುಗಿದೆ.

ಮೂರನೇ ಗಿಯರಿನಲ್ಲಿ, ಎಕ್ಸಲೇಟರ್ ಪೂರ್ತಿ ಮುಚ್ಚಿ ಇಳಿದೆ. ರೇಸ್ ಕೊಡಲಿಲ್ಲ. ಪಂಪ್ ಇದೆಯಲ್ಲ ಅನ್ನುವ ಧೈರ್ಯ. ಇಳುಕಲು ಮುಗಿದು ರಸ್ತೆ ನೇರ ಆದ ಕೂಡಲೇ ಎಕ್ಸಲೇಟರ್ ಕೊಟ್ಟೆ. ಒಂದು ಕ್ಷಣ ಎಳೆಯಿತು, ಆಮೇಲೆ ಕೀಂ ಅಂತ ಸಣ್ಣ ಸದ್ದು. ಹಿಂದಿನ ಚಕ್ರ ಹಿಡಿದು ಜಾರಿತು. ಎರಡು ಬೆರಳು ಕ್ಲಚ್ ಮೇಲೆ ಇಟ್ಟುಕೊಳ್ಳುವ ಹಳೇ ರೂಢಿ ಇದ್ದದ್ದಕ್ಕೆ ಬೀಳಲಿಲ್ಲ. ಹಿಂದೆ ಲಾರಿ ಇರಲಿಲ್ಲ. ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಟೂ ಸ್ಟ್ರೋಕ್ ಓಡಿಸುವವರು ಘಟ್ಟದಲ್ಲಿ ಕ್ಲಚ್ಚಿನಿಂದ ಕೈ ತೆಗೆಯಲೇಬಾರದು.

ಬದಿಗೆ ನಿಲ್ಲಿಸಿ ಕೂತೆ. 2004ರಲ್ಲಿ ಹಿಡಿದುಕೊಂಡದ್ದೂ ಇದೇ ಅರ್ಧ ಕಿಲೋಮೀಟರ್ ಒಳಗೇ. ಇಪ್ಪತ್ತು ನಿಮಿಷದ ಮೇಲೆ ಕಿಕ್ ಸಡಿಲ ಆಯಿತು. ಸ್ಟಾರ್ಟ್ ಮಾಡಲು ಮನಸ್ಸು ಬರಲಿಲ್ಲ. ಫೋನ್ ಮಾಡಿ ಗಾಡಿ ತರಿಸಿಕೊಂಡೆ, ಪರಿಚಯದವರು, ಬಾಡಿಗೆ ತಗೊಳ್ಳಲಿಲ್ಲ.

ಅದೇ ಸಂಜೆ ಬಿಚ್ಚಿದೆ. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮುಖದಲ್ಲಿ ಬೆರಳಗಲ ಅಲ್ಯೂಮಿನಿಯಂ ಕರಗಿ ಉಜ್ಜಿ ಹೋಗಿತ್ತು. ಬಾಚಣಿಗೆಯಲ್ಲಿ ಎಳೆದ ಹಾಗೆ ಗೆರೆ. ಕೆಳಗಿನ ರಿಂಗ್ ತಾನು ಕೂರುವ ಕಚ್ಚಿನಲ್ಲೇ ಅಂಟಿ ಹೋಗಿತ್ತು. ಬೋರಿನ ಮೇಲೆ ಉಗುರು ಎಳೆದರೆ ಗೆರೆ ತಡೆಯುತ್ತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಅದೇ ಪಿಸ್ಟನ್ ಹಾಕಬಹುದು ಅಂದವರಿದ್ದರು. ಉಗುರಿಗೆ ಸಿಗುವ ಗೆರೆ ಎಮರಿಯಲ್ಲಿ ಹೋಗುವುದಿಲ್ಲ.

ಫೆಬ್ರವರಿ 19ರಿಂದ ಮಾರ್ಚ್ 12

0.75 ಪಿಸ್ಟನ್ ಮತ್ತು ಬೋರ್ 2,400, ಗ್ಯಾಸ್ಕೆಟ್ 250. ಇನ್ನು ಬೋರ್ ಮಾಡಿಸಲು 1.00 ಒಂದೇ ಅಳತೆ ಉಳಿದಿರುವುದು. ಹಾಗಾಗಿ ಈ ಸಲ ಪಂಪನ್ನು ಮೇಜಿನ ಮೇಲಿಟ್ಟು ಶುರು ಮಾಡಿದೆ.

ಮೊದಲು ಕನಿಷ್ಠ ಸ್ಟ್ರೋಕ್. ಪಂಪನ್ನು ತಿರುಗಿಸುತ್ತ ಹೋದರೆ ಅದರ ತುದಿಯ ತಟ್ಟೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಪೂರ್ತಿ ಹೊರಗೆ ಬಂದಾಗ ಪುಲ್ಲಿ ಮತ್ತು ತಟ್ಟೆಯ ನಡುವೆ ಫೀಲರ್ ಗೇಜ್ ಹಾಕಬೇಕು. 0.20ರಿಂದ 0.25 ಮಿ.ಮೀ. ಬರಬೇಕಾದ್ದು, ನನ್ನದರಲ್ಲಿ 0.10 ಎಲೆಯೇ ಬಿಗಿಯಾಗಿ ಹೋಯಿತು. ಅಂದರೆ ಎಕ್ಸಲೇಟರ್ ಮುಚ್ಚಿದಾಗ ಸಿಗಬೇಕಾದ ಆಯಿಲ್ಲಿನಲ್ಲಿ ಹೆಚ್ಚೆಂದರೆ ಅರ್ಧ ಸಿಗುತ್ತಿತ್ತು. ಘಟ್ಟ ಇಳಿಯುವಾಗ ಬೇಕಾದದ್ದೇ ಅದು. ತುದಿಯ ನಟ್ಟು ಬಿಚ್ಚಿ, ತಟ್ಟೆಯ ಹಿಂದೆ ಒಂದು ತೆಳು ಶಿಮ್ ಸೇರಿಸಿ ಅಳೆದೆ, 0.20 ಆಯಿತು. ಇನ್ನೊಂದು ತೆಳುವಾದದ್ದು ಹಾಕಿ 0.25ಕ್ಕೆ ನಿಲ್ಲಿಸಿದೆ. ಹೊಗೆ ತುಸು ಜಾಸ್ತಿ ಬರಲಿ ಪರವಾಗಿಲ್ಲ.

ಎರಡನೆಯದು ಪೈಪ್. ಹೊಸದು ಹಾಕಿ, ಎರಡೂ ತುದಿಗೆ ಕ್ಲಿಪ್ ಹಾಕಿದೆ. ಹಳೆಯದರ ಒಂದು ತುದಿಗೆ ಕ್ಲಿಪ್ಪೇ ಇರಲಿಲ್ಲ, ಗಾಳಿ ಅಲ್ಲಿಂದಲೇ ಸೇರುತ್ತಿದ್ದಿರಬೇಕು. ಪೈಪುಗಳಿಗೆ ಒಟ್ಟು 120. ಗಾಳಿ ತೆಗೆಯಲು ಈ ಸಲ ಹಗಲು ಹೊತ್ತೇ ಕೂತೆ. ಬಾಗಿದ ಜಾಗದಲ್ಲಿ ಮತ್ತೆ ಒಂದು ಗುಳ್ಳೆ ನಿಂತಿತು. ಗಾಡಿಯನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ ಮೇನ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರದ ಕೆಳಗೆ ಎರಡು ಇಟ್ಟಿಗೆ ಇಟ್ಟು, ಪೈಪನ್ನು ಬೆರಳಲ್ಲಿ ತಟ್ಟುತ್ತ ಇದ್ದೆ. ಹತ್ತು ನಿಮಿಷಕ್ಕೆ ಅದು ಮೆಲ್ಲ ಅಲುಗಿ, ಉದ್ದವಾಗಿ, ಮೇಲೆ ಹೋಗಿ ಮಾಯವಾಯಿತು. ಆಮೇಲೆ ಪೈಪಿನಲ್ಲಿ ನೀಲಿ ಆಯಿಲ್ ಒಂದೇ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ನೋಡಿದೆ.

ಮೂರನೆಯದು ಪುಲ್ಲಿಯ ಗುರುತು. ಕೇಬಲ್ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ. ಅದನ್ನು ಬಿಟ್ಟದ್ದಕ್ಕೆ ಸಮಾಧಾನ ಹೇಳಿಕೊಳ್ಳಲು ನನ್ನ ಹತ್ತಿರ ಮಾತಿಲ್ಲ.

ಆಯಿಲ್ ಟ್ಯಾಂಕಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟೆ. 310 ಕಿ.ಮೀ. ಓಡಿಸಿದ ಮೇಲೆ ಆ ಗೆರೆಗೆ ಬರಲು 230 ಮಿ.ಲೀ. ಆಯಿಲ್ ಹಿಡಿಯಿತು. ಪೆಟ್ರೋಲ್ 7.6 ಲೀಟರ್ ಹೋಗಿತ್ತು. ಅಂದರೆ ಪಂಪ್ ಸುಮಾರು 1:33ರ ಲೆಕ್ಕದಲ್ಲಿ ಕೊಡುತ್ತಿದೆ. ಪಂಪ್ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಫೆಬ್ರವರಿಯಲ್ಲಿ ಒಂದು ಗೆರೆ ಎಳೆದಿದ್ದರೆ ಆ 110 ಕಿ.ಮೀ.ಯಲ್ಲೇ ಎಲ್ಲ ಗೊತ್ತಾಗುತ್ತಿತ್ತು.

ಮಾರ್ಚ್ 19

ಹತ್ತುವಾಗ ಎರಡು ಕಡೆ ನಿಲ್ಲಿಸಿದೆ. ದೇವಿಮನೆ ದಾಟಿ, ರಾಗಿಹೊಸಳ್ಳಿ ಮೇಲೆ ಹಾದು, ಒಂಬತ್ತೂವರೆಗೆ ಮಾವನ ಅಂಗಳದಲ್ಲಿ ಇದ್ದೆ. ಸದ್ದು ಕೇಳಿಯೇ ಅವರು ತೋಟದಿಂದ ಹತ್ತಿ ಬಂದಿದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಮುರಿದ ರೆಕ್ಕೆಯನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಏನೂ ಹೇಳಲಿಲ್ಲ.

"ನೀವೇ ಒಂದು ಸುತ್ತು ಹೋಗಿ ಬನ್ನಿ ಮಾವ" ಅಂದೆ. ಎಪ್ಪತ್ತೊಂದು ವರ್ಷ ಅವರಿಗೆ. ಪಂಚೆ ಎತ್ತಿ ಕಟ್ಟಿ ಕೂತರು. ಕೂತವರು ಎಡಗಾಲಲ್ಲಿ ಕಿಕ್ ಹುಡುಕಿದರು. ಯೆಜ್ಡಿಯಲ್ಲಿ ಅದು ಇದ್ದದ್ದು ಎಡಕ್ಕೆ. ಮಾರಿ 24 ವರ್ಷ ಆದರೂ ಕಾಲು ಅಲ್ಲಿಗೇ ಹೋಯಿತು. ನಾನು ಬಲಗಡೆ ತೋರಿಸಿದೆ. ಮೊದಲ ಕಿಕ್ಕಿಗೇ ಹತ್ತಿತು. ಗೇಟಿನ ತನಕ ಹೋಗಿ, ತಿರುಗಿಸಿಕೊಂಡು ಬಂದು, ಇಳಿಯುವ ಮೊದಲು ಒಂದು ರೇಸ್ ಕೊಟ್ಟರು.

ಇಳಿಯುವಾಗ ಅವರು ಹೇಳಿದ ಹಾಗೇ ಮಾಡಿದೆ. ಪಂಪ್ ಸರಿ ಇದೆ ಅಂತ ಗೊತ್ತಿದ್ದರೂ ಎರಡು ತಿರುವಿಗೊಮ್ಮೆ ಕ್ಲಚ್ ಹಿಡಿದು ರೇಸ್ ಕೊಟ್ಟೆ. ಕತಗಾಲದ ಆ ನೇರ ರಸ್ತೆಯಲ್ಲಿ ನಿಧಾನಕ್ಕೆ ಎಕ್ಸಲೇಟರ್ ತೆರೆದೆ. ಎಳೆಯಿತು, ಎಳೆಯುತ್ತಲೇ ಇತ್ತು. ಮನೆಗೆ ಬಂದು ಪ್ಲಗ್ ಬಿಚ್ಚಿ ನೋಡಿದೆ. ತುದಿ ಕಾಫಿಪುಡಿ ಬಣ್ಣ, ಸ್ವಲ್ಪ ಒದ್ದೆ.

ಒಟ್ಟು ಖರ್ಚು 33,210. ಇದರಲ್ಲಿ ಎರಡನೇ ಬೋರ್, ಗ್ಯಾಸ್ಕೆಟ್, ಎರಡನೇ ಸಲದ ಸೀಲ್ ಸೇರಿ 3,290 ರೂಪಾಯಿ ಬರೀ ನನ್ನ ಅವಸರದ ಲೆಕ್ಕ. ಆರ್‌ಸಿ ನವೀಕರಣದ ಖರ್ಚು ಇದರಲ್ಲಿ ಸೇರಿಲ್ಲ.

ಉಳಿದ ಕೆಲಸ: ಬಲಗಡೆ ಫೋರ್ಕಿನ ಸೀಲ್ ಸಣ್ಣಗೆ ಜಿನುಗುತ್ತಿದೆ. ಸ್ಪೀಡೋಮೀಟರ್ ಮುಳ್ಳು 40ರ ಮೇಲೆ ನಡುಗುತ್ತದೆ, ಕೇಬಲ್ಲಿಗೆ ಗ್ರೀಸ್ ಹಾಕಿ ನೋಡಬೇಕು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಕರಿ ಆಯಿಲ್. ಪೈಪಿನಲ್ಲಿ ಗುಳ್ಳೆ ಇದೆಯಾ ಅಂತ ಪ್ರತಿ ಭಾನುವಾರ ಕವರ್ ತೆಗೆದು ನೋಡುತ್ತಿದ್ದೇನೆ. ಈ ತನಕ ಇಲ್ಲ.